ಹೊರಡುವ ಹಿಂದಿನ ದಿನ ಸರ್ವೀಸ್ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನಲ್ಲಿ ದೂರ ಹೊರಟವರದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಕಾರಿನಲ್ಲಿ ಸುಮಾರು 900 ಕಿ.ಮೀ. ಹೋಗುವವರಿದ್ದೇವೆ. ಕಾರಿಗೆ ಏಳು ವರ್ಷ. ದಿನಾ ಕೆಲಸಕ್ಕೆ ಅದರಲ್ಲೇ ಓಡಾಡುತ್ತೇನೆ, ಇದುವರೆಗೆ ಕೈ ಕೊಟ್ಟಿಲ್ಲ. ಹೊರಡುವ ಹಿಂದಿನ ದಿನ ಒಂದು ಸರ್ವೀಸ್ ಮಾಡಿಸಿದರೆ ಸಾಕಲ್ವಾ?

ಉತ್ತರ: ಸರ್ವೀಸ್ ಖಂಡಿತ ಮಾಡಿಸಿ, ಹಿಂದಿನ ದಿನ ಮಾತ್ರ ಬೇಡ. ಒಂದು ವಾರ ಮೊದಲು ಮಾಡಿಸಿ, ಹತ್ತು ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಸಂಜೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಬದಲಾಯಿಸಿಕೊಂಡು ಬಂದು ಬೆಳಗಿನ ಜಾವ ಹೊರಟಿದ್ದೆ. ಎರಡು ಗಂಟೆ ಓಡಿರಬೇಕು, ಟೆಂಪರೇಚರ್ ಮುಳ್ಳು ಮೇಲೇರಲು ಶುರುವಾಯಿತು. ನಿಲ್ಲಿಸಿ ನೋಡಿದರೆ ಆ ದ್ರವವನ್ನು ತಣಿಸುವ ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನ ಕ್ಲಿಪ್ ಸರಿಯಾಗಿ ಬಿಗಿದೇ ಇರಲಿಲ್ಲ, ದಾರಿಯುದ್ದಕ್ಕೂ ಕೂಲೆಂಟ್ ಹನಿಹನಿಯಾಗಿ ಸೋರಿಕೊಂಡು ಬಂದಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಮಕ್ಕಳು. ಬಿಸಿಲಿನಲ್ಲಿ ನಾಲ್ಕು ಗಂಟೆ ಕೂತೆವು. ಸ್ಕ್ರೂಡ್ರೈವರ್ ಎರಡು ಸುತ್ತು ತಿರುಗಿಸುವ ಕೆಲಸ ಅದು, ಅಷ್ಟೇ. ವಾರ ಮೊದಲು ಮಾಡಿಸಿದ್ದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ಬಿದ್ದ ಹಸಿರು ಕಲೆ ನೋಡಿಯೇ ಗೊತ್ತಾಗುತ್ತಿತ್ತು.

ಹಾಗಾಗಿ ಸರ್ವೀಸ್ ಆದ ಮೇಲೆ ಆ ಒಂದು ವಾರ ಗಾಡಿಯನ್ನು ಎಂದಿನಂತೆ ಓಡಿಸಿ. ಒಂದು ದಿನ ಬಿಡುವು ಮಾಡಿಕೊಂಡು 50 ಕಿ.ಮೀ. ಒಂದೇ ಸಮನೆ ಓಡಿಸಿ ಬನ್ನಿ. ಚಕ್ರ ಬಿಚ್ಚಿ ಹಾಕಿದ್ದರೆ ಬಂದ ಮೇಲೆ ನಟ್‌ಗಳು ಬಿಗಿಯಾಗಿವೆಯಾ ಅಂತ ಇನ್ನೊಮ್ಮೆ ನೋಡಿ. ಯಾವುದಾದರೂ ಬಿಡಿಭಾಗ ತರಿಸಬೇಕಾಗಿ ಬಂದರೂ ಆಗ ಸಮಯ ಇರುತ್ತದೆ.

ಇನ್ನು, ದಿನಾ ಓಡಿಸುತ್ತೇನೆ, ಕೈ ಕೊಟ್ಟಿಲ್ಲ ಅಂದಿರಿ. ಆ ಧೈರ್ಯವನ್ನು ಅಷ್ಟು ನಂಬಬೇಡಿ. ಕೆಲಸಕ್ಕೆ ಹೋಗುವಾಗ ಗಾಡಿಯಲ್ಲಿ ನೀವೊಬ್ಬರೇ, ಅರ್ಧ ಗಂಟೆಯ ಓಟ, ವೇಗವೂ ಕಡಿಮೆ. ದೂರ ಹೊರಟಾಗ ಐದು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಹಾಕಿಕೊಂಡು ಗಂಟೆಗಟ್ಟಲೆ ವೇಗದ ಓಟ. ಹಳೆಯ ಹೋಸ್, ಬಿರುಕು ಬಿಟ್ಟ ಬೆಲ್ಟ್, ಸೋತ ಬ್ಯಾಟರಿ, ಗಾಳಿ ಕಮ್ಮಿಯಾದ ಟೈರು, ಇವೆಲ್ಲ ಅರ್ಧ ಗಂಟೆಯ ಓಟವನ್ನು ಹೇಗೋ ತಡೆದುಕೊಳ್ಳುತ್ತವೆ, ಆರು ಗಂಟೆಯ ಓಟವನ್ನು ತಡೆಯುವುದಿಲ್ಲ.

ಮೆಕ್ಯಾನಿಕ್ ನೋಡಿದರೂ ನೀವೂ ಒಮ್ಮೆ ಬಾನೆಟ್ ಎತ್ತಿ. ಬೆಳಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಗಾಡಿ ಸಮತಟ್ಟಾದ ನೆಲದಲ್ಲಿರಲಿ. ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ಬಿಳಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಪ್ಪಗಿದ್ದರೆ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುವುದು ಸಹಜ. ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಮಾತ್ರ ಪ್ರಯಾಣ ಮುಂದೂಡಿ, ಯಾಕೆಂದರೆ ಆಯಿಲ್ ಒಳಗೆ ಕೂಲೆಂಟ್ ಸೇರಿರುವ ಸಾಧ್ಯತೆ ಇದೆ.

ಆಮೇಲೆ ರೇಡಿಯೇಟರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳ್ಳೆಯ ಹೋಸ್ ಒತ್ತಿದರೆ ತಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೂ ಕಷ್ಟ, ಮೆತ್ತಗೆ ಊದಿಕೊಂಡಿದ್ದರೂ ಕಷ್ಟ. ಕ್ಲಿಪ್ ಹಾಕಿದ ಜಾಗದಲ್ಲಿ ಬೆರಳಾಡಿಸಿ. ಬಿಳಿ, ಹಸಿರು ಇಲ್ಲವೇ ಗುಲಾಬಿ ಬಣ್ಣದ ಪುಡಿ ಅಂಟಿಕೊಂಡಿದ್ದರೆ ಅಲ್ಲಿ ಕೂಲೆಂಟ್ ಸೋರಿ ಒಣಗಿದೆ ಎಂದರ್ಥ. ಕೆಲವೊಮ್ಮೆ ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಬಿಸಿ ಇಂಜಿನ್ ಮೇಲೆಯೇ ಆರಿ ಹೋಗಿರುತ್ತದೆ. ಕೂಲೆಂಟ್ ಮಟ್ಟವನ್ನು ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಹೊರಗಿನಿಂದಲೇ ನೋಡಿದರೆ ಸಾಕು. ಕಮ್ಮಿ ಇದ್ದರೆ ಸುಮ್ನೆ ನಲ್ಲಿ ನೀರು ಸುರಿಯಬೇಡಿ, ಅದರಲ್ಲಿನ ಲವಣ ಒಳಗೆ ಪದರ ಕಟ್ಟುತ್ತದೆ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೂ ಹಾಗೇ, ಮೇಲೆ ಸುರಿದು ಮುಚ್ಚಳ ಹಾಕಿಬಿಡಬೇಡಿ. ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಾಗಲೂ ಮಟ್ಟ ಇಳಿಯುತ್ತದೆ, ಸೋರಿಕೆಯಿದ್ದಾಗಲೂ ಇಳಿಯುತ್ತದೆ. ಚಕ್ರ ಬಿಚ್ಚಿ ಪ್ಯಾಡ್ ನೋಡಲು ಹೇಳಿ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ, ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಒಂದು ಹಂತದಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಹೋಗಿಬಿಡುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಿಮ್ಮದು ಏಳು ವರ್ಷದ ಕಾರು, ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಈಗಲೇ ಮಾಡಿಸಿ.

ಪ್ರಶ್ನೆ: ನಮ್ಮ ಕಾರಿನ ಟೈರುಗಳಿಗೆ ಎಂಟು ವರ್ಷ, ಆದರೆ ಓಡಿದ್ದು ಕಡಿಮೆ. ಗೆರೆಗಳು ಇನ್ನೂ ಆಳವಾಗಿವೆ. ಬದಲಾಯಿಸಲೇಬೇಕಾ? ಬೇಸಿಗೆಯಲ್ಲಿ ದೂರ ಹೋಗುವಾಗ ಗಾಳಿ ಸ್ವಲ್ಪ ಕಮ್ಮಿ ಇರಲಿ ಅಂತ ನಮ್ಮ ಮಾವ ಹೇಳುತ್ತಾರೆ, ಅದು ಸರಿಯೇ?

ಉತ್ತರ: ಮಾವನವರಿಗೆ ನಿಮ್ಮ ಮೇಲಿನ ಕಾಳಜಿ ದೊಡ್ಡದು, ಆದರೆ ಈ ಮಾತು ಒಪ್ಪಬೇಡಿ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ನಿಜ. ಅದನ್ನೆಲ್ಲ ಲೆಕ್ಕ ಹಾಕಿಯೇ ಕಂಪನಿಯವರು ಒತ್ತಡ ಗೊತ್ತು ಮಾಡಿರುತ್ತಾರೆ. ಗಾಳಿ ಕಮ್ಮಿ ಇದ್ದರೆ ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಜಾಸ್ತಿ ಬಾಗುತ್ತದೆ. ಬಾಗಿ ಬಾಗಿ ಒಳಗಿಂದ ಕಾಯುತ್ತದೆ. ವೇಗದಲ್ಲಿ ಟೈರ್ ಸಿಡಿಯಲು ಇದೇ ದೊಡ್ಡ ಕಾರಣಗಳಲ್ಲಿ ಒಂದು.

ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಅನೇಕ ಕಾರುಗಳಲ್ಲಿ ಕಡಿಮೆ ಜನ ಇದ್ದಾಗ ಎಷ್ಟು, ಗಾಡಿ ತುಂಬಿದಾಗ ಎಷ್ಟು ಅಂತ ಎರಡು ಲೆಕ್ಕ ಕೊಟ್ಟಿರುತ್ತಾರೆ. ನಿಮಗೆ ಬೇಕಾದ್ದು ಎರಡನೆಯದು. ಟೈರ್ ತಣ್ಣಗಿರುವಾಗಲೇ ಹಾಕಿಸಿ. ದೂರ ಓಡಿ ಬಂದ ಮೇಲೆ ಅಳೆದು, ಜಾಸ್ತಿಯಾಗಿದೆ ಅಂತ ಗಾಳಿ ಬಿಡುವುದು ತಪ್ಪು.

ವಯಸ್ಸಿನ ವಿಷಯ. ಟೈರಿನ ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂತ ಇದ್ದರೆ 2017ರ 23ನೇ ವಾರ ತಯಾರಾದದ್ದು. ರಬ್ಬರ್ ಓಡದೆ ನಿಂತರೂ ಗಟ್ಟಿಯಾಗುತ್ತದೆ, ಒಳಗೊಳಗೇ ಬಿರಿಯುತ್ತದೆ. ಅನೇಕ ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಾಯಿಸಲು ಹೇಳುತ್ತವೆ. ಎಂಟು ವರ್ಷದ ಟೈರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಆ ವೇಗದಲ್ಲಿ ಹೋಗಲು ನನಗಂತೂ ಮನಸ್ಸು ಬರುವುದಿಲ್ಲ. ಬದಲಾಯಿಸಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಪ್ರಶ್ನೆ: ಬೆಳಗ್ಗೆ ಸೆಲ್ಫ್ ಹೊಡೆದರೆ ಸ್ವಲ್ಪ ಎಳೆದೆಳೆದು ಸ್ಟಾರ್ಟ್ ಆಗುತ್ತದೆ. ಒಮ್ಮೆ ಓಡಿದ ಮೇಲೆ ಸರಿ ಇರುತ್ತದೆ. ಹೀಗೇ ಹೋಗಬಹುದಾ?

ಉತ್ತರ: ಬೇಡ. ಮೊದಲು ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟಿನಂಥದ್ದು ಕಟ್ಟಿದೆಯಾ ನೋಡಿ, ಕಟ್ಟಿದ್ದರೆ ಬಿಚ್ಚಿ ಉಜ್ಜಿ ಬಿಗಿಯಾಗಿ ಹಾಕಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಮೀಟರ್ ಹಿಡಿದು ನೋಡಲು ಹೇಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುತ್ತಿರುವಾಗ 14ರ ಆಸುಪಾಸು ಬರಬೇಕು. ಅಷ್ಟು ಬರದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ, ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನ ಇಲ್ಲ. ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದು ಸೆಲ್ಫ್ ಎಳೆಯುತ್ತಿದ್ದರೆ ಹೊರಡುವ ಮೊದಲೇ ಬದಲಾಯಿಸುವುದು ಒಳ್ಳೆಯದು.

ಪ್ರಶ್ನೆ: ಇಷ್ಟೆಲ್ಲ ನೋಡಿಯೂ ದಾರಿಯಲ್ಲಿ ಇಂಜಿನ್ ಬಿಸಿಯಾದರೆ?

ಉತ್ತರ: ಮುಳ್ಳು ಮೇಲೇರುವುದು ಕಂಡ ತಕ್ಷಣ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಒಳಗೆ ಸೆಕೆ ಆಗುತ್ತದೆ ನಿಜ, ಆದರೆ ಇಂಜಿನ್ನಿನ ಬಿಸಿ ಒಂದಷ್ಟು ಆ ದಾರಿಯಲ್ಲಿ ಹೊರಬರುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು. ಕನಿಷ್ಠ ಅರ್ಧ ಗಂಟೆ ಕಾಯಿರಿ, ತಣ್ಣಗಾಗದಿದ್ದರೆ ಇನ್ನೂ ಕಾಯಿರಿ.

ಪ್ರಶ್ನೆ: ಡಿಕ್ಕಿಯಲ್ಲಿ ಏನೇನು ಇಟ್ಟುಕೊಳ್ಳಬೇಕು?

ಉತ್ತರ: ಜಾಕ್, ವೀಲ್ ಸ್ಪ್ಯಾನರ್, ಎಚ್ಚರಿಕೆಯ ತ್ರಿಕೋನ, ಟಾರ್ಚ್, ಜಂಪರ್ ಕೇಬಲ್ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ತಂತಿ), ಗಾಳಿ ತುಂಬುವ ಸಣ್ಣ ಪಂಪ್, ಕುಡಿಯುವ ನೀರು. ಇಟ್ಟುಕೊಂಡರೆ ಸಾಲದು, ಹೊರಡುವ ವಾರ ಮನೆ ಮುಂದೆಯೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಟೈರ್ ಅಂಗಡಿಯಲ್ಲಿ ಮೆಷಿನ್ ಹಿಡಿದು ನಟ್ ಎಷ್ಟು ಬಿಗಿದಿರುತ್ತಾರೆ ಅಂದರೆ ಗಾಡಿಯ ಜೊತೆ ಬಂದ ಗಿಡ್ಡ ಸ್ಪ್ಯಾನರಿಗೆ ಅದು ಅಲುಗಾಡುವುದೇ ಇಲ್ಲ. ಹಾಗಾದರೆ ಉದ್ದ ಹಿಡಿಕೆಯದ್ದೊಂದನ್ನು ಕೊಂಡಿಡಿ. ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಎಲ್ಲಿದೆ ಅಂತ ಅವತ್ತೇ ಹುಡುಕಿಡಿ.