ಸರಪಳಿಯಲ್ಲೇ ದಿನ ಕಳೆಯುವ ನಾಯಿ: ಕಾನೂನು ಏನು ಹೇಳುತ್ತದೆ?

ಪಕ್ಕದ ಮನೆಯವರು ನಾಯಿಯನ್ನು ಇಡೀ ದಿನ ಟೆರೇಸಿನಲ್ಲಿ ಕಟ್ಟಿಹಾಕುತ್ತಾರೆ, ಇದು ಅಪರಾಧವಾ ಅಂತ ಕೇಳಿದ್ದೀರಿ. ಹೌದು, ಆಗಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ನೋಡಿ. ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೇ ಇರುವುದು, ಸಾಕಷ್ಟು ಊಟ, ನೀರು, ನೆರಳು ಕೊಡದಿರುವುದು ಎಲ್ಲವೂ ಅದರಲ್ಲಿ ಬರುತ್ತವೆ. ಬೆಕ್ಕನ್ನು ಅಲ್ಲಾಡಲೂ ಜಾಗವಿಲ್ಲದ ಪಂಜರದಲ್ಲಿ ಇಟ್ಟರೂ ಅಷ್ಟೇ.

ಆದರೆ ಇಷ್ಟೇ ಗಂಟೆ ಅಂತ ಕಾಯ್ದೆ ಹೇಳುವುದಿಲ್ಲ, ಹಾಗಾಗಿ ಸಾಕ್ಷಿ ಮುಖ್ಯ. ಸರಪಳಿಯ ಉದ್ದ, ಒಣಗಿದ ನೀರಿನ ಬಟ್ಟಲು, ನೆತ್ತಿ ಸುಡುವ ಬಿಸಿಲು, ಕುತ್ತಿಗೆಯ ಗಾಯ ಕಾಣುವಂತೆ ಬೇರೆ ಬೇರೆ ಹೊತ್ತಿನಲ್ಲಿ ಫೋಟೋ ತೆಗೆದು ತಾರೀಕು ಬರೆದಿಡಿ. ಘಟನೆಯಾಗಿ ಮೂರು ತಿಂಗಳೊಳಗೆ ಕೇಸು ಹಾಕಬೇಕು, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ದಂಡ ಕೇಳಿದರೆ ನಗು ಬರುತ್ತದೆ: ಮೊದಲ ಸಲ 10ರಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಮಾತ್ರ ಮೂರು ತಿಂಗಳವರೆಗೆ ಜೈಲಿಗೂ ದಾರಿಯಿದೆ. ಅದೂ ಅಲ್ಲದೆ ಇಂಥ ದೂರಿಗೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅದಕ್ಕೇ ಮೊದಲು ಮಾತಾಡಿ ನೋಡಿ, ಸುಮ್ನೆ ಜಗಳ ಬೇಡ. ಉದ್ದದ ಹಗ್ಗ, ಒಂದು ನೆರಳು, ಸಂಜೆ ವಾಕಿಂಗ್ ಇಷ್ಟಕ್ಕೆ ಒಪ್ಪಿದರೂ ನಾಯಿಗೆ ಲಾಭ ಅಲ್ವಾ? ಒಪ್ಪದಿದ್ದರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.