ಅಮ್ಮ ಮಾತು ಬಿಟ್ಟಾಗ

ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಾಯಿಸಿದ್ದೀನಿ. ನನ್ನ ಹತ್ರ ಸಲಹೆ ಕೇಳೋಕೆ ಎರಡೂವರೆ ವರ್ಷದ ಮಗನ್ನ ಕರ್ಕೊಂಡು ಬಂದಿದ್ರು ಒಬ್ರು ಅಮ್ಮ, ಕಂಪ್ಲೇಂಟ್ ಏನಂದ್ರೆ ಕೇಳಿದ್ದು ಸಿಗ್ಲಿಲ್ಲ ಅಂದ್ರೆ ನೆಲಕ್ಕೆ ಬಿದ್ದು ಹೊರಳಾಡ್ತಾನೆ, ಕೈಗೆ ಸಿಕ್ಕಿದ್ದು ಎಸೀತಾನೆ, ಹತ್ರ ಹೋದ್ರೆ ಹೊಡೀತಾನೆ, "ಬೇಕಂತ್ಲೇ ಮಾಡ್ತಾನೆ ಮೇಡಂ, ಭಾರೀ ಹಠ" ಅಂದ್ರು. ಆಗ ನೀವೇನು ಮಾಡ್ತೀರಿ ಅಂತ ಕೇಳ್ದೆ. "ನಾನಂತೂ ಕೈ ಎತ್ತಲ್ಲ, ಮಾತು ಬಿಡ್ತೀನಿ ಅಷ್ಟೇ, ಅರ್ಧ ಗಂಟೆ ಮುಖ ಕೂಡ ನೋಡಲ್ಲ." ಹೇಳುವಾಗ ಸ್ವಲ್ಪ ಹೆಮ್ಮೇನೇ ಇತ್ತು, ಹೊಡೆಯಲ್ವಲ್ಲ ಅಂತ.

ನಾವು ಮಾತಾಡ್ತಿರುವಾಗ್ಲೇ ಅವನು ಜೋಡಿಸಿದ್ದ ಬ್ಲಾಕ್ಸ್ ದಡಬಡ ಅಂತ ಬಿತ್ತು. ಅಳೋಕೆ ಮುಂಚೆ ಒಂದು ಕ್ಷಣ ತಿರುಗಿ ಅಮ್ಮನ ಮುಖ ನೋಡ್ದ. ಅಮ್ಮ ಹುಬ್ಬು ಗಂಟಿಕ್ಕಿದ್ರು, ಆಮೇಲೆ ಶುರುವಾಯ್ತು ನೋಡಿ ಕಿರುಚಾಟ. ವರ್ಷ ತುಂಬೋ ಹೊತ್ತಿಗೇ ಮಕ್ಕಳು ಹೀಗೆ ಮಾಡ್ತಾರೆ, ಹೆದರ್ಬೇಕಾ ನಗ್ಬೇಕಾ ಅಂತ ಗೊತ್ತಾಗ್ದೆ ಇದ್ದಾಗ ದೊಡ್ಡೋರ ಮುಖ ಓದ್ತಾರೆ. ಆ ಮುಖಾನೇ ಕಲ್ಲಾಗಿಬಿಟ್ರೆ? 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನೇ ನೋಡಿದ್ರು, ಅಮ್ಮಂದಿರಿಗೆ ಕೆಲವೇ ನಿಮಿಷ ಯಾವ ಭಾವಾನೂ ತೋರಿಸ್ದೆ ಕೂರೋಕೆ ಹೇಳಿದ್ರು, ಕೂಸುಗಳು ಮೊದ್ಲು ನಕ್ಕು ಕರೆಯೋಕೆ ನೋಡಿದ್ವು, ಆಗ್ಲಿಲ್ಲ ಅಂದಾಗ ಮುಖ ತಿರುಗಿಸ್ಕೊಂಡು ಮುದುಡಿದ್ವು. ಅಲ್ಲಿ ಬರೀ ನಿಮಿಷಗಳ ಲೆಕ್ಕ, ಇಲ್ಲಿ ಅರ್ಧ ಗಂಟೆ. (ಈ ಹುಡುಗನ ಅಮ್ಮನ ತಾಯೀನೂ ಹೀಗೇ ದಿನಗಟ್ಟಲೆ ಮಾತು ಬಿಡ್ತಿದ್ರಂತೆ, ಅದು ಆಮೇಲೆ ಹೊರಗೆ ಬಂತು.)

ನಾನು ಹೇಳಿದ್ದು ಇಷ್ಟು. ನೋಡಮ್ಮ, ಸಿಟ್ಟು ತಡೆಯೋ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ್ಮೇಲೂ ಬೆಳೀತಾನೇ ಇರುತ್ತೆ, ಅವನಿಗೆ ಸದ್ಯಕ್ಕೆ ನೀವೇ ಬ್ರೇಕು. ಹೊಡೆಯೋಕೆ ಬಂದಾಗ ಮೆತ್ತಗೆ ಕೈ ಹಿಡ್ಕೊಂಡು "ಹೊಡೆಯೋಕೆ ಬಿಡಲ್ಲ, ಸಿಟ್ಟು ಬಂದಿದೆ ಅಲ್ವಾ ನಿಂಗೆ" ಅನ್ನಿ, ಕೇಳಿದ್ದು ಕೊಡ್ಲೂ ಬೇಡಿ ಎದ್ದು ಹೋಗ್ಲೂ ಬೇಡಿ, ಪಕ್ಕದಲ್ಲೇ ಕೂತಿರಿ, ಕಿರುಚೋವಾಗ ಬುದ್ಧಿ ಹೇಳಿದ್ರೆ ತಲೆಗೆ ಹೋಗಲ್ಲ.

"ನಂಗೇ ತಡ್ಕೊಳ್ಳೋಕಾಗ್ದಿದ್ರೆ?" ಅಂದ್ರು. ಸರಿಯಾದ ಪ್ರಶ್ನೆ. ಆಗ "ಅಮ್ಮಂಗೂ ಸಿಟ್ಟು ಬಂದಿದೆ, ನೀರು ಕುಡ್ಕೊಂಡು ಬರ್ತೀನಿ" ಅಂತ ಹೇಳಿ ಹೋಗಿ, ಹೇಳಿದ ಹಾಗೇ ವಾಪಸ್ ಬನ್ನಿ. ರೇಗಿಬಿಟ್ರೆ ಆಮೇಲೆ ತಬ್ಕೊಂಡು ಸಾರಿ ಹೇಳಿ, ಅದ್ರಿಂದ ಸಲಿಗೆ ಜಾಸ್ತಿ ಆಗಲ್ಲ.

ತಿಂಗಳಾದ್ಮೇಲೆ ಬಂದ್ರು. ಹೊಡೆಯೋದು ಪೂರ್ತಿ ನಿಂತಿಲ್ಲ, ನಿಲ್ಲೋ ವಯಸ್ಸೂ ಅಲ್ಲ. ಆದ್ರೆ ಎತ್ತಿದ ಕೈ ಒಂದೊಂದ್ಸಲ ಅರ್ಧಕ್ಕೇ ನಿಲ್ಲಿಸಿ "ಸಿಟ್ಟು, ಸಿಟ್ಟು" ಅಂತಾನಂತೆ. ಅಪ್ಪ ಇನ್ನೂ ಮೊಬೈಲ್ ಕೊಟ್ಟೇ ಸುಮ್ಮನಾಗಿಸ್ತಾರಂತೆ, ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ ಅಂದಿದ್ದೀನಿ.