ಡ್ರ್ಯಾಗನ್ ಉಗುರು ಎಣಿಸಿ ಬೆಲೆ ಕಟ್ಟಬೇಡಿ

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಲ್ಲಿ ನೀಲಿ-ಬಿಳಿ ಚೀನೀ ಪಿಂಗಾಣಿ ಹೂದಾನಿ ಕೊಂಡೆ. ಅದರ ಮೇಲಿನ ಡ್ರ್ಯಾಗನ್‌ಗೆ ಒಂದೊಂದು ಕಾಲಲ್ಲೂ ಐದು ಉಗುರಿವೆ. ಹಾಗಾದರೆ ಇದು ಅರಮನೆಯದ್ದೇ ಅಲ್ವಾ?

ಉತ್ತರ: ಬರೀ ಉಗುರು ನೋಡಿ ಹಾಗೆ ಹೇಳಲು ಆಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಫೋಟೊ ಬೇರೆ, ಪ್ರಶ್ನೆ ಅದೇ.

ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಗೆ ಮತ್ತು ಅವನು ಒಪ್ಪಿದವರಿಗೆ ಮಾತ್ರ ಎಂಬ ಕಟ್ಟಳೆ ಚೀನಾದಲ್ಲಿ ಇದ್ದದ್ದು ನಿಜ. ಯುವಾನ್ ರಾಜವಂಶದ ಕಾಲದಲ್ಲಿ ಬಂದದ್ದು ಆಮೇಲಿನ ಮಿಂಗ್, ಚಿಂಗ್ ರಾಜವಂಶಗಳ ಕಾಲದಲ್ಲೂ ಮುಂದುವರಿಯಿತು. ಆದರೆ 1912ರಲ್ಲಿ ಚಕ್ರವರ್ತಿಯೇ ಪಟ್ಟ ಬಿಟ್ಟ. ಆಮೇಲೆ ಕೇಳುವವರು ಯಾರು? ಈಗ ಯಾರು ಬೇಕಾದರೂ ಐದು ಉಗುರು ಬರೆಯಬಹುದು, ಬರೆಯುತ್ತಲೂ ಇದ್ದಾರೆ.

ಉಲ್ಟಾ ಉದಾಹರಣೆಯೂ ಇದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೆಂಪು ಲ್ಯಾಕರ್‌ನಲ್ಲಿ (ಮರದ ರಸದ ಅರಗಿನಂಥ ಲೇಪ) ಕೆತ್ತಿದ ಮೇಜೊಂದಿದೆ. ಮಿಂಗ್ ದೊರೆ ಶುವಾನ್‌ಡೆ ಕಾಲದ್ದು, ಅರಮನೆಗೆಂದೇ ಮಾಡಿದ್ದು. ಅದರ ಡ್ರ್ಯಾಗನ್‌ಗಳ ಐದನೇ ಉಗುರನ್ನು ಆಮೇಲೆ ಯಾರೋ ಕೆರೆದು ತೆಗೆದಿದ್ದಾರೆ. ಉಗುರಿನ ಲೆಕ್ಕ ನಂಬಿದರೆ ಅದನ್ನೂ ತಳ್ಳಿಹಾಕಬೇಕಾಗುತ್ತದೆ.

ತಳದಲ್ಲಿ ಬರೆದ ದೊರೆಯ ಹೆಸರನ್ನೂ ನೆಚ್ಚಿಕೊಳ್ಳಬೇಡಿ. ಇದೇ ಶುವಾನ್‌ಡೆಯ ಹೆಸರನ್ನು ನಂತರದವರು ಗೌರವಕ್ಕೂ ಬರೆದರು, ಮೋಸಕ್ಕೂ ಬರೆದರು.

ನೋಡಬೇಕಾದ್ದು ಕೈಕೆಲಸ. ಭೂತಗನ್ನಡಿ ಹಿಡಿದು ಡ್ರ್ಯಾಗನ್ ಮೈಮೇಲಿನ ಹುರುಪೆ (ಮೀನಿಗಿರುವಂಥ ಪೊರೆ) ನೋಡಿ. ಕುಂಚದಲ್ಲಿ ಬರೆದಿದ್ದರೆ ಮೈ ಬಾಗುವ ಕಡೆ ಹುರುಪೆ ಚಿಕ್ಕದಾಗಿ ಒತ್ತೊತ್ತಾಗುತ್ತದೆ. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕುಂಚ ನಿಂತ ಕಡೆ ನೀಲಿ ಗಾಢವಾಗಿರುತ್ತದೆ. ಅಚ್ಚಿನ ಚಿತ್ರ ಅಂಟಿಸಿದ್ದರೆ ಗೆರೆಗೆ ಜೀವವೇ ಇರುವುದಿಲ್ಲ, ಎಲ್ಲ ಒಂದೇ ಸಮ. ಎರಡು ತುದಿ ಕೂಡುವ ಕಡೆ ಹುರುಪೆ ಅರ್ಧಕ್ಕೇ ತುಂಡಾಗಿರುವುದೂ ಉಂಟು. ಆಮೇಲೆ ತಳದ ಅಂಚು. ನಿಜವಾದ ಸವೆತ ನೆಲಕ್ಕೆ ತಾಗುವ ಕಡೆ ಜಾಸ್ತಿ. ಕೊಳೆ ಎಲ್ಲ ಕಡೆ ಒಂದೇ ಹದದಲ್ಲಿ ಕೂತಿದ್ದರೆ ಅದನ್ನು ಯಾರೋ ಬಳಿದಿದ್ದಾರೆ.

ಹಾಗಂತ ಕೈಯಲ್ಲಿ ಬರೆದದ್ದೆಲ್ಲ ಹಳೆಯದಲ್ಲ. ಚೀನಾದ ಪಿಂಗಾಣಿ ಊರು ಜಿಂಗ್‌ಡೆಝೆನ್‌ನಲ್ಲಿ ಇಂದಿಗೂ ಕೈಯಲ್ಲೇ ಬರೆಯುವವರಿದ್ದಾರೆ, ಅದ್ಭುತವಾಗಿ ಬರೆಯುತ್ತಾರೆ. ಫೋಟೊ ನೋಡಿ ‘ಇದು ಅಲ್ಲ’ ಎಂದು ನಾನು ಎಷ್ಟೋ ಸಲ ಹೇಳಬಲ್ಲೆ. ‘ಹೌದು’ ಎನ್ನಲು ವಸ್ತು ಕೈಗೆ ಬರಬೇಕು. ಫೋಟೊ ನೋಡಿಯೇ ಸರ್ಟಿಫಿಕೇಟ್ ಬರೆದುಕೊಡುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಪ್ರಶ್ನೆ: ಮಿಂಗ್ ಕಾಲದ ಜೇಡೈಟ್ (ಜೇಡ್ ಎಂಬ ಬೆಲೆಬಾಳುವ ಕಲ್ಲಿನ ಒಂದು ಬಗೆ) ಡ್ರ್ಯಾಗನ್ ಪದಕ ಮಾರಾಟಕ್ಕಿದೆ. ಕೊಳ್ಳಲಾ?

ಉತ್ತರ: ಬೇಡ. ಮಿಂಗ್ ಆಳ್ವಿಕೆ ಮುಗಿದದ್ದು 1644ರಲ್ಲಿ. ಬರ್ಮಾದ ಜೇಡೈಟ್ ಚೀನಾಕ್ಕೆ ಹೇರಳವಾಗಿ ಬಂದದ್ದು 18ನೇ ಶತಮಾನದಲ್ಲಿ.

ಪ್ರಶ್ನೆ: ಜೇಡ್ ಅಸಲಿಯೇ ಎಂದು ಕಾಯಿಸಿದ ಸೂಜಿ ಒತ್ತಿ ನೋಡಬಹುದಾ?

ಉತ್ತರ: ಖಂಡಿತ ಬೇಡ. ವಸ್ತು ಕೆಡುತ್ತದೆ, ಅನುಮಾನ ಹಾಗೇ ಉಳಿಯುತ್ತದೆ. ರತ್ನ ಪರೀಕ್ಷೆಯ ಲ್ಯಾಬ್‌ಗೆ ಕೊಡಿ.

ಪ್ರಶ್ನೆ: ಉಂಗುರದ ಡ್ರ್ಯಾಗನ್ ಹೊರಗೆ ಮುಖ ಮಾಡಿದ್ದರೆ ದುಡ್ಡು ನಿಲ್ಲುವುದಿಲ್ಲವಂತೆ?

ಉತ್ತರ: ಸುಳ್ಳು.

ಪ್ರಶ್ನೆ: ಹಳೇ ಬೆಳ್ಳಿ ಡ್ರ್ಯಾಗನ್ ಬ್ರೂಚ್ ಕಪ್ಪಾಗಿದೆ. ಪಾಲಿಶ್ ದ್ರಾವಣದಲ್ಲಿ ಅದ್ದಲಾ?

ಉತ್ತರ: ಅದ್ದಬೇಡಿ. ಹುರುಪೆ ಸಂದಿಯ ಕಪ್ಪು ಹೋದರೆ ಕೆತ್ತನೆಯ ಆಳವೇ ಕಾಣುವುದಿಲ್ಲ. ಉಬ್ಬಿದ ಭಾಗವನ್ನಷ್ಟೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು. ಎನಾಮೆಲ್ (ಬಣ್ಣದ ಗಾಜಿನ ಲೇಪ) ಕೆಲಸ ಇದ್ದರೆ, ಕಂಪನದಿಂದ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೂ ಹಾಕಿಸಬೇಡಿ. ಬಿರುಕಿದ್ದರೆ ಚಕ್ಕೆ ಏಳುತ್ತದೆ.